ದೊಡ್ಡಪ್ಪನ ಎದೆಯ ರಿಪೋರ್ಟು

ಬೆಟ್ಟದ ಮೇಲಿರುವವನಿಗೆ ಕಾಯಿಲೆ ಒಂದೇ ಬರುವುದಿಲ್ಲ, ಹಿಂದೆಯೇ ಪರೀಕ್ಷೆಗಳ ಮೆರವಣಿಗೆಯೂ ಬರುತ್ತದೆ. ಮೆರವಣಿಗೆ ಎಂದಮೇಲೆ ಯಾರಾದರೂ ಎಡವಿ ಬೀಳುತ್ತಲೇ ಇರುತ್ತಾರೆ.

ನಮ್ಮ ದೊಡ್ಡಪ್ಪನ ಹೃದಯ ಸೋತು ಎದೆಯಲ್ಲಿ ನೀರು ತುಂಬಿಕೊಂಡಿತು. ದೊಡ್ಡ ಆಸ್ಪತ್ರೆಗೆ ಇಪ್ಪತ್ತೇಳು ತಿರುವು ಇಳಿಯಬೇಕು. ಗಟ್ಟಿ ಆಳೇ ಅಲ್ಲಿ ವಾಂತಿ ಮಾಡುತ್ತಾನೆ. ಇಳಿದರೆ ದೊಡ್ಡಪ್ಪ ಮತ್ತೆ ಹತ್ತುವುದಿಲ್ಲ ಎಂಬುದೇ ನಮ್ಮ ಭಯ. ಮೇಲಿನ ಆಸ್ಪತ್ರೆಯ ಡಾಕ್ಟರು, "ಇಲ್ಲೇ ನೋಡೋಣ. ಪರೀಕ್ಷೆ ಕೆಟ್ಟರೆ ಮಾತ್ರ ಕೆಳಗೆ" ಎಂದರು. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಅಲ್ಲಿಯ ನರ್ಸಮ್ಮ ಒಳ್ಳೆಯವಳು, ಅವಳಿಗೆ ಮೆಮೊ ಬರುವುದು ಬೇಡ.

೧. ತೂಕ

ದಿನಾ ಬೆಳಿಗ್ಗೆ ತೂಕ ನೋಡಬೇಕು, ಏರಿದರೆ ನೀರು ಏರಿದೆ ಎಂದರ್ಥ. ಮನೆಯಲ್ಲಿ ತೂಕದ ಯಂತ್ರ ಎಲ್ಲಿಯದು? ಎಲೆಕೋಸು ಕೊಳ್ಳುವ ವ್ಯಾಪಾರಿಯ ತಕ್ಕಡಿಯ ಮೇಲೆ ದೊಡ್ಡಪ್ಪನನ್ನು ಕೂರಿಸುತ್ತಿದ್ದೆವು.

ಒಂದು ಸೋಮವಾರ ಒಂದೇ ದಿನಕ್ಕೆ ಮೂರು ಕೇಜಿ ಇಳಿದಿತ್ತು. ದೊಡ್ಡಮ್ಮ ಕೈಮುಗಿದಳು. ನರ್ಸಮ್ಮ ಕಾಲು ಒತ್ತಿ ನೋಡಿದರೆ ಗುಳಿ ಬೀಳುವಷ್ಟು ಊತ! ಆಸ್ಪತ್ರೆಯ ತಕ್ಕಡಿಯಲ್ಲಿ ತೂಗಿದರೆ ಒಂದೂವರೆ ಕೇಜಿ ಏರಿದ್ದಾನೆ. ಮಾತ್ರೆ ಹೆಚ್ಚಿಸಿ ಉಳಿಸಿಕೊಂಡರು.

ಆಮೇಲೆ ಹೊಳೆಯಿತು, ಸೋಮವಾರ ವ್ಯಾಪಾರಿ ಕೋಸು ಕೊಳ್ಳುವ ದಿನ, ತಕ್ಕಡಿ ಕಡಿಮೆ ತೋರಿಸುವ ದಿನ. ನಾನು ಹೋಗಿ ಅವನ ಕೊರಳಪಟ್ಟಿ ಹಿಡಿದೆ.

"ಯಾಕ್ಲಾ, ಕೋಸು ತಿಂದಿದ್ದು ಸಾಲ್ದು ಅಂತ ನಮ್ ದೊಡ್ಡಪ್ಪನ್ನೂ ತಿಂದ್ಯಾ?"

"ತಪ್ಪಾಯ್ತಣ್ಣ," ಎಂದ ಅವನು, "ನಿಮ್ ದೊಡ್ಡಪ್ಪ ಮಾರಾಟಕ್ಕಿಲ್ಲ ಅಂತ ಮೊದ್ಲೇ ಏಳ್ಬಾರ್ದಾ?"

೨. ಉಪ್ಪು

ಡಾಕ್ಟರು ಉಪ್ಪು ನಿಲ್ಲಿಸಿದರು. ದೊಡ್ಡಮ್ಮ ತಿಂಗಳಿಡೀ ಸಪ್ಪೆ ಸಾರು ಹಾಕಿದಳು, ತಾನೂ ಅದನ್ನೇ ಉಂಡಳು. ತಿಂಗಳಾದ ಮೇಲೆ ರಕ್ತ ಪರೀಕ್ಷೆ ಮಾಡಿ ನರ್ಸಮ್ಮ ಓದಿದಳು: "ರಕ್ತದಲ್ಲಿ ಉಪ್ಪು ಕಡಿಮೆ."

ದೊಡ್ಡಮ್ಮ ಸೆರಗು ಕಟ್ಟಿ ಎದ್ದಳು. "ಬ್ಯಾಡ ಅಂದೋರೂ ನೀವೆ, ಕಮ್ಮಿ ಅನ್ನೋರೂ ನೀವೆ?"

ಅದು ನೀರು ಇಳಿಸುವ ಮಾತ್ರೆಯಿಂದ ಆದದ್ದು, ಊಟಕ್ಕೆ ಈಗಲೂ ಉಪ್ಪು ಹಾಕಬಾರದು, ಕುಡಿಯುವ ನೀರು ಕಡಿಮೆ ಮಾಡಬೇಕು ಎಂದು ನರ್ಸಮ್ಮ ತಾಳ್ಮೆಯಿಂದ ಬಿಡಿಸಿ ಹೇಳಿದಳು.

ಮಲಗಿದ್ದ ದೊಡ್ಡಪ್ಪ ತಲೆ ಎತ್ತಿ, "ನನ್ ನಾಲ್ಗೆ ಒಂದ್ ತಿಂಗ್ಳಿಂದ ಇದೇ ರಿಪೋರ್ಟ್ ಕೊಡ್ತಿತ್ತು ಕಣವ್ವ, ಸೂಜಿ ಯಾಕ್ ಚುಚ್ದೆ?" ಎಂದ.

೩. ಚಿತ್ರ

ಊತ ಇಳಿಯಿತು. ಎದೆಯ ನೀರು ಆರಿದೆಯೇ ಎಂದು ಎಕ್ಸ್‌ರೇ ತೆಗೆಯಬೇಕು. ಆ ಯಂತ್ರಕ್ಕಾಗಿ ಹಿಂದೊಮ್ಮೆ ನಾನು ಆಸ್ಪತ್ರೆಯ ಬಾಗಿಲಲ್ಲಿ ಧರಣಿ ಕೂತು ಗಂಟಲು ಹರಿಯುವಂತೆ ಕೂಗಿದ್ದೆ. ಸರ್ಕಾರದವರು ಯಂತ್ರ ಕೊಟ್ಟರು, ಚಿತ್ರ ಓದುವವರನ್ನು ಕೊಡಲಿಲ್ಲ. ಚಿತ್ರ ಕಂಪ್ಯೂಟರಿನಲ್ಲಿ ಬೆಟ್ಟ ಇಳಿಯುತ್ತದೆ, ದೊಡ್ಡ ಆಸ್ಪತ್ರೆಯಲ್ಲಿ ರೋಗಿಯ ಮುಖವನ್ನೇ ಕಾಣದ ಡಾಕ್ಟರು ಓದುತ್ತಾರೆ. ಬಡವನ ಎದೆ ಅಂದರೆ ಇವರಿಗೆ ಅಷ್ಟೇ.

ಸಂಜೆ ರಿಪೋರ್ಟು ಬಂತು. "ನೀರು ಆರಿದೆ. ಆದರೆ ಎದೆಯೊಳಗೆ ಮೊಟ್ಟೆಯಾಕಾರದ ಲೋಹದ ವಸ್ತು ಇದೆ. ನುಂಗಿರಬಹುದು. ತಕ್ಷಣ ಕೆಳಗೆ ಕಳಿಸಿ."

ಆಂಬುಲೆನ್ಸ್ ಗುರುಗುಟ್ಟಿತು. ದೊಡ್ಡಮ್ಮ ಅಳತೊಡಗಿದಳು. ನಾನು ಅಡ್ಡ ನಿಂತೆ.

"ಏನು ನುಂಗಿದ್ರಿ ಅಯ್ಯಾ?" ಎಂದಳು ನರ್ಸಮ್ಮ.

"ನುಂಗಕ್ಕೆ ಸಪ್ಪೆ ಸಾರು ಬುಟ್ಟು ಇವ್ಳು ಏನ್ ಕೊಟ್ಟವ್ಳೆ?"

ನರ್ಸಮ್ಮ ಚಿತ್ರವನ್ನು ಮತ್ತೊಮ್ಮೆ ನೋಡಿ, ದೊಡ್ಡಪ್ಪನ ಅಂಗಿಯನ್ನು ಮೆಲ್ಲಗೆ ಬಿಚ್ಚಿದಳು. ಕೊರಳಲ್ಲಿ ಲಿಂಗವಿಡುವ ಬೆಳ್ಳಿ ಕರಡಿಗೆ, ಥೇಟ್ ಮೊಟ್ಟೆಯಾಕಾರ!

"ಚಿತ್ರಕ್ಕೆ ಮುಂಚೆ ಬೆಳ್ಳಿ ಬಂಗಾರ ತೆಗೀರಿ ಅಂದಿದ್ರಲ್ಲ?" ಎಂದಳು ನರ್ಸಮ್ಮ.

"ಉಂಗ್ರ ತೆಗ್ದೆ, ಉಡಿದಾರ ತೆಗ್ದೆ. ಲಿಂಗನ ಮೈಯಿಂದ ತೆಗ್ಯದುಂಟಾ? ಬೆನ್ನಿಗ್ ತಳ್ದೆ. ಮಿಸನ್‌ಗೆ ಇಂದಿರದೂ ಕಾಣ್ತದೆ ಅಂತ ನಂಗೇನ್ ಗೊತ್ತು?"

ಆಂಬುಲೆನ್ಸ್ ಸದ್ದು ನಿಂತಿತು. ಡ್ರೈವರಿನಿಂದ ಹಿಡಿದು ದೊಡ್ಡಮ್ಮನವರೆಗೆ ಎಲ್ಲರೂ ನಕ್ಕರು. ಡಾಕ್ಟರು ಹೊಸ ಚಿತ್ರ ತೆಗೆಸಲು ಹೇಳಿದರು, ಕರಡಿಗೆ ದೊಡ್ಡಪ್ಪನ ಅಂಗೈಯಲ್ಲೇ ಇರಲಿ ಎಂದರು. ನರ್ಸಮ್ಮ ಹಳೆಯ ರಿಪೋರ್ಟು ಹರಿಯಲು ಹೋದಳು. ದೊಡ್ಡಪ್ಪ ಕಿತ್ತುಕೊಂಡ.

"ಅರೀಬ್ಯಾಡ ಕಣವ್ವ! ಸಿವ ನನ್ ಎದೆವೊಳ್ಗೇ ಅವ್ನೆ ಅಂತ ಚಿಕ್ಕಂದಿಂದ ಏಳ್ತಿವ್ನಿ, ಒಬ್ರೂ ನಂಬ್ನಿಲ್ಲ. ಈಗ ದೊಡ್ಡಾಸ್ಪತ್ರೆ ಡಾಕ್ಟ್ರೇ ಸೀಲ್ ಒತ್ತಿ ಬರ್ಕೊಟ್ಟವ್ರೆ!"