ಕೆಂಪು ಟಪಾಲು ಬೋಗಿಯ ಸ್ಥಾನನಿರ್ಣಯ ಮಹಾಸಮರ

ಕಲ್ಲಿದ್ದಲ ಹೊಗೆಯೇ ಧ್ವಜವಾಗಿ, ಸಿಳ್ಳೆಯೇ ಶಂಖನಾದವಾಗಿ, ಉಗಿಬಂಡಿಗಳು ಭೂಮಂಡಲವನ್ನಾಳುತ್ತಿದ್ದ ಆ ಧೂಮಯುಗಕ್ಕೆ ಮೊದಲ ನಮಸ್ಕಾರ. ಯುಗವಳಿದ ಮೇಲೂ ಅದನ್ನು ಹಳೆಯ ಲಗ್ನಪತ್ರಿಕೆಗಳಲ್ಲಿ ಕತ್ತರಿಸಿ, ಅಂಟಿಸಿ, ಮೊಳದುದ್ದದ ರೈಲಾಗಿ ಮರಳಿ ಕಟ್ಟಹೊರಟ ಕರ್ತರೀಪಾಣಿ, ನಿರ್ಯಾಸಲಿಪ್ತಾಂಗುಲಿ, ಅಂದರೆ ಕೈಯಲ್ಲಿ ಕತ್ತರಿ ಹಿಡಿದು ಬೆರಳಿಗೆ ಗೋಂದು ಮೆತ್ತಿಕೊಂಡ, ನಿವೃತ್ತ ಡ್ರಾಯಿಂಗ್ ಮೇಷ್ಟ್ರು ನಿಜಗುಣಯ್ಯನಿಗೆ ಎರಡನೆಯ ನಮಸ್ಕಾರ. ಆಲಿಸಿರಿ, ಒಲೆಯ ಮೇಲಿನ ಬೇಳೆ ಬೇಯುವಷ್ಟರಲ್ಲಿ ಈ ಕಥೆ ಮುಗಿಯುತ್ತದೆ.

ಆ ವೀರನ ತಂದೆ ವೀರಭದ್ರಯ್ಯನವರಿಗೆ ತೊಂಬತ್ತು ತುಂಬುವುದರಲ್ಲಿತ್ತು. ಐದನೇ ನಂಬರ್ ಪ್ಯಾಸೆಂಜರಿನ ಕೆಂಪು ಟಪಾಲು ಬೋಗಿಯಲ್ಲಿ ಮೂವತ್ತು ವರ್ಷ ನಿಂತು ಕಾಗದ ವಿಂಗಡಿಸಿದ ಕಣ್ಣುಗಳು ಈಗ ಬೆಳಕನ್ನಷ್ಟೇ ಬಲ್ಲವು. ಹುಟ್ಟುಹಬ್ಬದ ದಿನ ಆ ರೈಲನ್ನು ಅಪ್ಪನ ಬೆರಳುಗಳಿಗೆ ಒಪ್ಪಿಸಬೇಕು, ಬೋಗಿಗಳ ಸಾಲು ಕೂದಲೆಳೆಯಷ್ಟೂ ತಪ್ಪಬಾರದು ಎಂಬುದು ಮಗನ ಭೀಷಣ ಪ್ರತಿಜ್ಞೆ. ತಪ್ಪಿದರೆ ಅಪ್ಪ ಬೈಯುವವರಲ್ಲ. ಸುಮ್ಮನೆ ಕೈ ಹಿಂದಕ್ಕೆ ತೆಗೆದುಕೊಳ್ಳುವರು. ಬೈಗುಳವನ್ನು ನುಂಗಬಹುದು, ಹಿಂದೆ ಸರಿದ ಕೈಯನ್ನು ನುಂಗುವುದು ಹೇಗೆ?

ಐದು ತಿಂಗಳ ದಂಡಯಾತ್ರೆಯಲ್ಲಿ ನಿಜಗುಣಯ್ಯ ರೈಲು ಮ್ಯೂಸಿಯಮ್ಮನ್ನು ಮೂರು ಸಲ ಮುತ್ತಿದ, ಗೆದ್ದಲು ತಿಂದುಳಿದ ಟೈಂಟೇಬಲ್ಲುಗಳನ್ನು ಸೆರೆಹಿಡಿದ, ನಿವೃತ್ತ ಗಾರ್ಡುಗಳ ಮನೆಗಳಲ್ಲಿ ಹನ್ನೊಂದು ಲೋಟ ಕಾಫಿ ಕುಡಿದ. ಏಳು ಬೋಗಿಗಳ ಕ್ರಮ ತಿಳಿಯಿತು. ಟಪಾಲು ಬೋಗಿಯು ರೈಲಿನ ತಲೆಯೋ ಬಾಲವೋ ಎಂಬುದು ಮಾತ್ರ ತಿಳಿಯಲಿಲ್ಲ. ಅಲ್ಲಿಯೇ ಅಕ್ಕ ಚೆನ್ನಾಜಮ್ಮನೊಡನೆ ಸಮರ ಹುಟ್ಟಿತು.

"ಕೇಳು ಅಗ್ರಜೆ," ಎಂದು ಕತ್ತರಿ ಎತ್ತಿ ಗರ್ಜಿಸಿದ ನಿಜಗುಣಯ್ಯ. "ಮುತ್ತಿನಕೆರೆ ಪ್ಲಾಟ್‌ಫಾರ್ಮಿನಲ್ಲಿ ಅಪ್ಪನ ಬುತ್ತಿ ಹಿಡಿದು ಓಡಿದ ಪಾದಗಳಿವು. ಎಂಜಿನ್ನಿನ ಬಿಸಿಯುಂಡ ಕೆನ್ನೆಯಿದು. ಮೇರು ಜರುಗಿದರೂ ಟಪಾಲು ಬೋಗಿ ಎಂಜಿನ್ನಿನ ಬೆನ್ನು ಬಿಟ್ಟು ಜರುಗದು."

"ಜರುಗತ್ತೆ ಕಣೋ ನಿಜ," ಎಂದಳು ಚೆನ್ನಾಜಮ್ಮ, ಅವರೆಕಾಯಿ ಸುಲಿಯುತ್ತ. "ಮದುವೆಯಾಗಿ ಬೆಟ್ಟಳ್ಳಿಗೆ ಹೋದ ಮೇಲೆ, ಒಂದೇ ನಿಮಿಷ ಅಪ್ಪನ ಮುಖ ನೋಡಕ್ಕೆ ರೈಲಿನ ಬಾಲದವರೆಗೂ ಓಡಿದೀನಿ. ಬಸುರಿಯಾಗಿದ್ದಾಗಲೂ. ನಿನ್ನ ಮೇರುನ ಅತ್ಲಾಗಿಡು."

ಆಗ ನಿಜಗುಣಯ್ಯ ತನ್ನ ಬ್ರಹ್ಮಾಸ್ತ್ರವನ್ನು, ಎರಡೂರಿನ ನಡುವಿನ ಹೊನ್ನಗಟ್ಟಿ ಜಂಕ್ಷನ್ನಿನಲ್ಲಿ ಯಾರೋ ತೆಗೆದ ಫೋಟೊವನ್ನು, ಹೊರತೆಗೆದ. ರೈಲಿನ ತುದಿಯಲ್ಲಿ ಟಪಾಲು ಬೋಗಿ ಸ್ಪಷ್ಟವಾಗಿತ್ತು. ಎಂಜಿನ್ನೇ ಇರಲಿಲ್ಲ. ಅದು ತನ್ನ ಸಾಕ್ಷಿಯೆಂದು ಇಬ್ಬರೂ ಹೇಳಿದರು. ವಾರವೆಲ್ಲ ಮಾತುಬಿಟ್ಟು, ಕೊನೆಗೆ ನಿಜಗುಣಯ್ಯ ಯಾರಿಗೂ ಕಾಣದಂತೆ ಎಂಜಿನ್ನಿಗೂ ಟಪಾಲು ಬೋಗಿಗೂ ಗೋಂದು ಹಚ್ಚಿ ಒತ್ತಿಬಿಟ್ಟ. ಇನ್ನು ದೇವೇಂದ್ರನೂ ಬೇರ್ಪಡಿಸಲಾರ.

ಹುಟ್ಟುಹಬ್ಬದ ಬೆಳಿಗ್ಗೆ ಅಪ್ಪನ ಮಂಚದ ಮೇಲೆ ರೈಲು ನಿಂತಿತು. ಗೋಂದನ್ನು ಕಂಡ ಚೆನ್ನಾಜಮ್ಮನ ತುಟಿ ಬಿಗಿಯಿತು. ಮುದಿ ಬೆರಳುಗಳು ಎಂಜಿನ್ನನ್ನು ಸವರಿ, ಹಿಂದಿನ ಬೋಗಿಗೆ ಬಂದು, ಕಾಗದ ಹಾಕುವ ಸೀಳಿನ ಮೇಲೆ ನಿಂತವು. ನಿಜಗುಣಯ್ಯನ ಉಸಿರೂ ನಿಂತಿತು.

"ನನ್ನ ಬೋಗಿ," ಎಂದರು ಅಪ್ಪ. "ಮುತ್ತಿನಕೆರೇಲಿ ಹೀಗೇ ಇರ್ತಿತ್ತು. ಹೊನ್ನಗಟ್ಟೀಲಿ ಎಂಜಿನ್ ಬಿಚ್ಚಿ, ನೀರು ಕುಡಿಸಿ, ಆ ತುದಿಗೆ ಕಟ್ಟೋರು. ರೈಲು ಹಿಂದುಮುಂದಾಗಿ ಹೊರಡೋದು. ಅಲ್ಲಿಂದಾಚೆಗೆ ನಾನೇ ಬಾಲ. ಎಲ್ಲಿ, ಒಂದ್ಸಲ ಬೆಟ್ಟಳ್ಳಿ ಕಡೆಗೂ ತಿರುಗಿಸು."

ಚೆನ್ನಾಜಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಅಡಿಗೆಮನೆಯಿಂದ ದೋಸೆ ಮಗುಚುವ ಕೈ ತಂದು ತಮ್ಮನಿಗೆ ಕೊಟ್ಟಳು. ಅವನು ಅದನ್ನು ಗೋಂದಿನ ಸಂದಿಗೆ ತೂರಿಸಿದ್ದೇ, ದೇವೇಂದ್ರನಿಗೂ ಅಸಾಧ್ಯವಾದ ಬೆಸುಗೆ ಚರ್ರೆಂದು ಬಿಟ್ಟಿತು; ಎಂಜಿನ್ನು ಆ ತುದಿಗೆ ಹೋಯಿತು.

ಅಪ್ಪನ ಬೆರಳು ಬೋಗಿಯ ಬಾಗಿಲೊಳಗೆ ತಡಕಾಡುತ್ತಿತ್ತು. "ಬುತ್ತಿ ತೂಗುಹಾಕೋ ಮೊಳೆ ಎಲ್ಲೋ?"

ಮ್ಯೂಸಿಯಮ್ಮು, ಟೈಂಟೇಬಲ್ಲು, ಹನ್ನೊಂದು ಲೋಟ ಕಾಫಿ, ಯಾವುದೂ ಆ ಮೊಳೆಯ ಸುದ್ದಿ ಹೇಳಿರಲಿಲ್ಲ. ಚೆನ್ನಾಜಮ್ಮ ಕ್ಯಾಲೆಂಡರಿಗೆ ಚುಚ್ಚಿದ್ದ ಗುಂಡುಸೂಜಿ ಕಿತ್ತು ಕೊಟ್ಟಳು, ಮಹಾರಥಿ ನಿಜಗುಣಯ್ಯ ಬಾಗಿಲ ಪಕ್ಕ ಚುಚ್ಚಿದ. ಅಪ್ಪನ ಬೆರಳು ಅದನ್ನು ಮುಟ್ಟಿತು. ಹಿಂದೆ ಸರಿಯಲಿಲ್ಲ.

"ಇವತ್ತು ಬುತ್ತಿಗೆ ಏನಮ್ಮಾ?"

"ಉಪ್ಪಿಟ್ಟು," ಎಂದಳು ಚೆನ್ನಾಜಮ್ಮ. ಜಗಳದ ಬಿಸಿಯಂತೆ ಅದೂ ಆರಿಹೋಗಿತ್ತು.