ಮೂಗಿಗೆ ಮಾಫಿ ಪಡೆದ ಮೈದುನ

ಇಡೀ ಇಳಕಲ್ಲಿನಲ್ಲಿ ಮೂಗಿಗೆ ಸರ್ಟಿಫಿಕೇಟು ಇಟ್ಟುಕೊಂಡವನು ಒಬ್ಬನೇ. ಅವನು ನನ್ನ ಮೈದುನ!

ಕೊರೊನಾ ಬಂದಾಗಿನ ಮಾತು. ಊರೆಲ್ಲ ಮಾಸ್ಕು ಹಾಕಿಕೊಂಡು ಓಡಾಡುತ್ತಿದ್ದರೆ ಇವನು ಮೂಗು, ಮೀಸೆ, ಎಲೆಅಡಿಕೆಯ ಬಾಯಿ ಎಲ್ಲವನ್ನೂ ಪ್ರದರ್ಶನಕ್ಕಿಟ್ಟು ತಿರುಗುತ್ತಿದ್ದ. ನನಗೋ ದಮ್ಮಿನ ಕಾಯಿಲೆ. ಈ ಜಡ್ಡು ಮನೆ ಹೊಕ್ಕರೆ ಮೊದಲು ಹೋಗುವವಳು ನಾನೇ ಎಂದು ಡಾಕ್ಟರು ಮುಖಕ್ಕೇ ಹೇಳಿದ್ದರು. ಅದಕ್ಕೇ ಗುಳೇದಗುಡ್ಡದ ಖಣದ ತುಂಡಿನಲ್ಲಿ ಇವನಿಗೊಂದು ಚಂದದ ಮಾಸ್ಕು ಹೊಲಿದುಕೊಟ್ಟೆ. ಎರಡೇ ದಿನಕ್ಕೆ ಅದರಲ್ಲಿ ಅಡಿಕೆ ತುಂಬಿ, ದಾರ ಬಿಗಿದು, ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದ.

“ವೈನಿ, ಭಾಳ ಗಟ್ಟಿ ಹೊಲ್ದೀರಿ. ಒಂದ ಚೂರ ಅಡಕೀನೂ ಸೋರಂಗಿಲ್ಲ.”

“ಮಾರಿಗೆ ಕಟ್ಗೋ ಅಂತ ಕೊಟ್ರ!”

“ನನಗ ದವಾಖಾನಿ ಮಾಫಿ ಐತ್ರಿ.”

“ಹಂಗಾರ ನನ್ನ ಮನಿ ಒಳಗ ಕಾಲಿಡಬ್ಯಾಡ,” ಎಂದೆ. ಅಂದಿನಿಂದ ಅವನ ಚಹಾ ಹೊರಗಿನ ಕಟ್ಟೆಗೆ ವರ್ಗವಾಯಿತು.

ಆ ಮಾಫಿ ಎಂಥದ್ದೆಂದು ತಿಳಿದದ್ದು ಬಾಗಲಕೋಟೆ ಬಸ್ಸಿನಲ್ಲಿ. ಕಂಡಕ್ಟರು ಮಾಸ್ಕು ಕೇಳಿದ. ಇವನು ಗತ್ತಿನಿಂದ ಜೇಬಿನೊಳಗಿನ ಚೀಟಿ ಕೊಟ್ಟ. ಡಾಕ್ಟರ ಅಕ್ಷರ! ಕಂಡಕ್ಟರಿಗೇ ತಿಳಿಯಲಿಲ್ಲ, ಎರಡನೇ ಇಯತ್ತೆಗೆ ಶಾಲೆ ಬಿಟ್ಟ ನನಗೆಲ್ಲಿ ತಿಳಿಯಬೇಕು? ಹಿಂದಿನ ಸೀಟಿನ ನರ್ಸಮ್ಮ ಇಸಿದುಕೊಂಡು ಓದಿದಳು.

“ಅಜ್ಜಾರ, ಇದು ನಿಮ್ಮ ಕಾಲಾಣಿ ಚೀಟಿರಿ! ಬಿಗಿ ಬೂಟು ಹಾಕಬ್ಯಾಡ್ರಿ ಅಂತ ಬರದಾರ.”

“ಬಿಗಿ ಹಾಕಬ್ಯಾಡ ಅಂದಾರಿಲ್ಲೋ? ಕಾಲಷ್ಟ ನಂದು, ಮಾರಿ ಮಂದೀದೇನವಾ?”

ಬಸ್ಸೆಲ್ಲ ನಕ್ಕಿತು. ಕಂಡಕ್ಟರು ನಗುತ್ತಲೇ ಇವನನ್ನು ಇಳಿಸಿದ.

ಇನ್ನೊಮ್ಮೆ ಬಾದಾಮಿಯಲ್ಲಿ ತೊಟ್ಟಿಲ ಕಾರ್ಯ. ಬೀಗರು ಬಾಗಿಲಲ್ಲೇ ತಡೆದರು. ಸಿಟ್ಟಾದನೇ? ಇಲ್ಲ! ಬೇವಿನ ಮರದ ಕೆಳಗೆ ಎಲೆ ಹಾಕಿಸಿಕೊಂಡು ಕುಳಿತ. ಬಡಿಸುವವರು ‘ಪಾಪ, ಹಿರಿಯರು’ ಎಂದು ಐದು ಹೋಳಿಗೆ ಹಾಕಿದರು. ಒಳಗೆ ಮಾಸ್ಕು ಹಾಕಿಕೊಂಡು ಬಂದ ನಮಗೆ ಎರಡೆರಡೇ!

ಕಡೆಗೂ ಜಡ್ಡು ನಮ್ಮ ಮನೆ ಹೊಕ್ಕಿತು. ತಂದವನು ಇವನಲ್ಲ, ಒಂದರ ಮೇಲೊಂದು ಮಾಸ್ಕು ಬಿಗಿದು ಬಾಗಲಕೋಟೆಯ ನವನಗರದ ಆಫೀಸಿಗೆ ಹೋಗಿಬರುತ್ತಿದ್ದ ನನ್ನ ಮಗ! ಮಗ, ಸೊಸೆ, ನಾನು, ಮೂವರೂ ಮಲಗಿದೆವು. ಒಲೆ ಹಚ್ಚುವವರಿಲ್ಲ. ನೆರೆಯವರು ಕಿಟಕಿಯಾಚೆಯಿಂದಲೇ ಮಾತನಾಡಿಸಿ ಹೋಗುತ್ತಿದ್ದರು. ನನಗಂತೂ ಚಮಚ ಎತ್ತುವಷ್ಟೂ ಉಸಿರಿರಲಿಲ್ಲ.

ಎರಡನೆಯ ದಿನ ಒಬ್ಬ ಮನುಷ್ಯ ಗಂಜಿಯ ತಂಬಿಗೆ ಹಿಡಿದು ಒಳಗೆ ಬಂದ. ಮಾಸ್ಕಿನಲ್ಲಿ ಮೂಗು, ಬಾಯಿ ಮುಚ್ಚಿವೆ. ಹಣೆ ತುಂಬ ಬೆವರು. ನನ್ನ ಮೈದುನ!

ಆಗ ನೆನಪಾಯಿತು. ನಾನು ಮದುವೆಯಾಗಿ ಬಂದ ವರ್ಷ ಇವನು ಏಳು ವರ್ಷದ ಹುಡುಗ. ಜೋಳ ತುಂಬಿದ್ದ ನೆಲದೊಳಗಿನ ಹಗೇವಿನ ಬಾಯಿ ತೆಗೆದು, ಗಾಳಿಯಾಡಲು ಬಿಡದೆ, ಅವಸರದಲ್ಲಿ ಹಿರಿಯರು ಇವನನ್ನೇ ಇಳಿಸಿದ್ದರು. ಸೊಂಟದ ಹಗ್ಗ ಹಿಡಿದು ಮೇಲೆಳೆದಾಗ ಉಸಿರು ಕಟ್ಟಿ ಮುಖ ನೀಲಿಗಟ್ಟಿತ್ತು. ಆಮೇಲೆ ಎಂಥ ಚಳಿಯಲ್ಲೂ ಮುಖದ ಮೇಲೆ ಕೌದಿ ಎಳೆದುಕೊಂಡವನಲ್ಲ. ಮುದುಕನಾದ ಮೇಲೂ ಅಂಜಿಕೆ ಇದೆ ಎಂದು ಹೇಳಲು ನಾಚಿಕೆ. ಅದಕ್ಕೇ ಕಾಲಾಣಿ ಚೀಟಿ ತೋರಿಸಿ ನಗಿಸುತ್ತಿದ್ದ. ನಾವೂ ನಗುತ್ತಿದ್ದೆವು.

“ತಗಿಯೋ ತಮ್ಮಾ, ನಿನಗ ಆಗಂಗಿಲ್ಲ. ಗಂಜಿ ಅಲ್ಲೇ ಇಟ್ಟ ಹೋಗು.”

“ಮತ್ತ ಉಣಸಾವ್ರ ಯಾರ್ರಿ? ಬಾಯಿ ತಗೀರಿ ವೈನಿ. ಲಗೂ ಉಣ್ರಿ, ನಾ ಉಸುರು ಹಿಡ್ಕೊಂಡ ಕುಂತೇನಿ.”

ಹನ್ನೊಂದು ದಿನ, ದಿನಕ್ಕೆ ಮೂರು ಸಲ. ಉಪಕಾರ ಗಿಪಕಾರ ಎಂದು ಹೇಳಲು ನನಗೆ ಬರುವುದಿಲ್ಲ. ರುಚಿ ಸತ್ತ ಬಾಯಿಯಿಂದ, ಬೇಡವಾದ ಆ ಗಂಜಿಯನ್ನು, ಅವನು ಬೇಗ ಹೊರಗೆ ಹೋಗಿ ಉಸಿರಾಡಲಿ ಎಂದು ಗಬಗಬನೆ ನುಂಗಿದೆ.