ಖಾಲಿ ಡಬ್ಬ ಕೊಡಬಾರದು

ಡಬ್ಬವೊಂದು ಖಾಲಿಯಾದ ಮೇಲೆ ಅದರ ಗತಿ ಏನು ಎಂದು ಯೋಚಿಸುವವರು ಲೋಕದಲ್ಲಿ ಕಡಿಮೆ. ನಾನು ಯೋಚಿಸುತ್ತೇನೆ. ಮಧ್ಯಾಹ್ನ ಊಟವಾಗಿ, ಪಾತ್ರೆ ತೊಳೆದು ಬೋರಲು ಹಾಕಿ, ಒಲೆಕಟ್ಟೆ ಒರೆಸಿ ಮಂಚದ ಮೇಲೆ ಅಡ್ಡಾದರೆ ನನ್ನ ಕಣ್ಣು ನೇರ ಅಟ್ಟಕ್ಕೆ ಹೋಗುತ್ತಿತ್ತು. ನಮ್ಮ ಸಂಸಾರದ ಚರಿತ್ರೆಯೆಲ್ಲ ಅಲ್ಲಿ ರಟ್ಟಿನ ಡಬ್ಬಗಳಾಗಿ ಕೂತಿತ್ತು. ಮಿಕ್ಸಿ ಗುಜರಿಗೆ ಹೋಗಿತ್ತು, ಮಿಕ್ಸಿಯ ಡಬ್ಬ ಇತ್ತು. ಹಳೆಯ ಟೀವಿ ಇರಲಿಲ್ಲ, ಅದರ ಡಬ್ಬ ಇತ್ತು. ವಾರಂಟಿಗೆ ಬೇಕಾಗುತ್ತದೆಂದು ಯಜಮಾನರು ಎತ್ತಿಟ್ಟ ಫ್ಯಾನಿನ ಡಬ್ಬ, ವಾರಂಟಿಯೂ ಮುಗಿದು ಫ್ಯಾನೂ ಮುಗಿದ ಮೇಲೂ ಗಟ್ಟಿಮುಟ್ಟಾಗಿತ್ತು. ಅರೆನಿದ್ದೆಯಲ್ಲಿ ಅವೆಲ್ಲ ಕಂದು ಮೋಡಗಳಂತೆ ಮೆಲ್ಲಗೆ ತೇಲುತ್ತಿದ್ದವು. ಎಚ್ಚರವಾದಾಗ ಮತ್ತೆ ಸಾಲಾಗಿ ನಿಂತಿರುತ್ತಿದ್ದವು. ನನ್ನ ಮನೆಯಲ್ಲಿ ಮೋಡವಾದರೂ ಸಾಲಿನಲ್ಲೇ ನಿಲ್ಲಬೇಕು.

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ವಾರ್ಡ್ ಸಿಸ್ಟರ್ ಆಗಿದ್ದು ನಿವೃತ್ತಳಾದವಳು. ಸಮೇತನಹಳ್ಳಿಯಲ್ಲಿ ಎಲ್ಲರಿಗೂ ಸಿಸ್ಟರಮ್ಮ. ಚಾದರದ ಮೂಲೆಗಳು ಒಂದೇ ಸಮ ಮಡಚಿರದಿದ್ದರೆ ನನಗೆ ನಿದ್ದೆ ಬಾರದು. "ಇವಳ ವಾರ್ಡಿಂದ ಡಿಸ್ಚಾರ್ಜ್ ಆಗದೆ ಉಳ್ಕೊಂಡಿರೋ ಪೇಷಂಟು ನಾನೊಬ್ನೇ" ಎಂದು ಯಜಮಾನರು ಬಂದವರಿಗೆಲ್ಲ ಹೇಳುತ್ತಾರೆ. ನನ್ನ ಬದುಕನ್ನು ನಡೆಸುತ್ತಿರುವುದು ಎರಡು ನಿಯಮಗಳು. ಶುಚಿ ಮಾಡದ ವಸ್ತು ಕೈಯಿಂದ ಕೈಗೆ ಹೋಗಬಾರದು, ಇದು ಆಸ್ಪತ್ರೆ ಕಲಿಸಿದ್ದು. ಖಾಲಿ ಪಾತ್ರೆ ಹಿಂದಿರುಗಿಸಬಾರದು, ಇದು ಅಮ್ಮ ಕಲಿಸಿದ್ದು. ಪಕ್ಕದ ಮನೆಯಿಂದ ಸಾರು ಬಂದ ಬಟ್ಟಲನ್ನು ತೊಳೆದು, ಚಿಟಿಕೆ ಸಕ್ಕರೆಯನ್ನಾದರೂ ಹಾಕಿಯೇ ಕೊಡಬೇಕು. ಇಂಥ ಒಳ್ಳೆಯ ಎರಡು ನಿಯಮಗಳು ಸೇರಿ ಒಂದು ಊರಿಗೆ ಕಷ್ಟ ತರಬಹುದೆಂದು ನನಗೆ ಗೊತ್ತಿರಲಿಲ್ಲ.

ಹೊಸಕೋಟೆ ರಸ್ತೆಯ ಕಡೆ ಒಂದು ಡಬ್ಬದ ಕಾರ್ಖಾನೆಯಿದೆ. ಹಳೆಯ ರಟ್ಟನ್ನು ಕೊಂಡು, ಅರೆದು, ಹೊಸ ಡಬ್ಬ ಮಾಡುತ್ತಾರೆ. ನಮ್ಮ ಮಹಿಳಾ ಸಂಘದ ಜಯಮ್ಮ, ರೇಷ್ಮೆಹುಳು ಸಾಕುವುದನ್ನು ಬಿಟ್ಟವರ ಖಾಲಿ ಹುಳುಮನೆಯೊಂದನ್ನು ಬಾಡಿಗೆಗೆ ಹಿಡಿದು, ಸುತ್ತಲಿನ ಅಂಗಡಿ ಮನೆಗಳ ರಟ್ಟನ್ನು ಅಲ್ಲಿ ವಿಂಗಡಿಸಿ ಕಾರ್ಖಾನೆಗೆ ಕಳಿಸುತ್ತಾಳೆ. ಬೆಳಕು ಹರಿಯುವ ಮೊದಲೇ ಟೆಂಪೊ ಹತ್ತಿ ಗಾರ್ಮೆಂಟ್ಸಿಗೆ ಓಡುತ್ತಿದ್ದ ಹೆಂಗಸರು ಈಗ ಮಕ್ಕಳಿಗೆ ಜಡೆ ಹಾಕಿ, ನಡೆದುಕೊಂಡೇ ಕೆಲಸಕ್ಕೆ ಹೋಗುತ್ತಾರೆ. ಕೆರೆ ಏರಿಯ ಮೇಲೆ ಈಗ ಕಸ ಸುಡುವ ಹೊಗೆ ಏಳುವುದಿಲ್ಲ. ನಮ್ಮವರ ಟೊಮೆಟೊ, ಗುಲಾಬಿ ಅದೇ ಕಾರ್ಖಾನೆಯ ಡಬ್ಬದಲ್ಲಿ ಹೊರಡುತ್ತವೆ.

ಒಮ್ಮೆ ಜಯಮ್ಮ ನನ್ನನ್ನೂ ಕಾರ್ಖಾನೆ ನೋಡಲು ಕರೆದುಕೊಂಡು ಹೋಗಿದ್ದಳು. ಬಾವಿಯಂಥ ತೊಟ್ಟಿಯಲ್ಲಿ ರಟ್ಟು ಅಂಬಲಿಯಾಗಿ ತಿರುಗುತ್ತಿತ್ತು. ಮದುವೆ ಸೀರೆಯ ಡಬ್ಬ, ಔಷಧಿಯ ಡಬ್ಬ, ಬಿಸ್ಕತ್ತಿನ ಡಬ್ಬ ಎಲ್ಲವೂ ತಮ್ಮ ಹೆಸರು ಕಳೆದುಕೊಂಡು ಒಂದಾಗಿದ್ದವು. ಆಚೆ ತುದಿಯಲ್ಲಿ ಅದೇ ಅಂಬಲಿ ಬೆಚ್ಚನೆಯ ಹಾಳೆಯಾಗಿ, ಈಗತಾನೇ ಹೆಂಚಿನಿಂದ ಇಳಿದ ರೊಟ್ಟಿಯ ಹಾಗೆ ಹೊರಬರುತ್ತಿತ್ತು. ಅಂದಿನಿಂದ ನನ್ನ ಮಧ್ಯಾಹ್ನದ ಕನಸು ಬದಲಾಯಿತು. ನಮ್ಮ ಮಿಕ್ಸಿಯ ಡಬ್ಬ ಮರುಜನ್ಮವೆತ್ತಿ, ಗುಲಾಬಿ ತುಂಬಿಕೊಂಡು, ದೇವನಹಳ್ಳಿಯಲ್ಲಿ ವಿಮಾನ ಹತ್ತುತ್ತಿತ್ತು. ನಾನಿನ್ನೂ ವಿಮಾನ ಹತ್ತಿಲ್ಲ. ಡಬ್ಬದ ಮೇಲೆ ಸ್ವಲ್ಪ ಹೊಟ್ಟೆಯುರಿಯೂ ಆಯಿತು.

ಹೀಗಿರುವಾಗ ಕಾರ್ಖಾನೆಯವರು, ಒಂದು ಲೋಡು ಪೂರ್ತಿ ಒಳ್ಳೆಯ ಮಾಲು ಕೊಟ್ಟು ತೋರಿಸಿದರೆ ವಾರವಾರ ಲಾರಿಯನ್ನು ನಿಮ್ಮೂರಿಗೇ ಕಳಿಸುತ್ತೇವೆ, ಇಲ್ಲವಾದರೆ ನಿಮ್ಮ ರಟ್ಟಿನ ಕೇಂದ್ರವನ್ನು ಅನುಗೊಂಡನಹಳ್ಳಿಯದಕ್ಕೆ ಸೇರಿಸಿಬಿಡುತ್ತೇವೆ ಎಂದರು. ಸೇರಿಸಿದರೆ ಹುಳುಮನೆಗೆ ಬೀಗ, ಹೆಂಗಸರಿಗೆ ಮತ್ತೆ ಟೆಂಪೊ. ಜಯಮ್ಮ ಮನೆಮನೆಗೆ ಬಂದಳು. "ಅಟ್ಟದ ಮ್ಯಾಲಿರೋದೆಲ್ಲಾ ಇಳಿಸ್ರಮ್ಮಾ. ಕ್ಲೀನಾಗಿದ್ರೆ ಸಾಕು."

ಕ್ಲೀನು ಎಂಬ ಮಾತು ಕಿವಿಗೆ ಬಿದ್ದ ಮೇಲೆ ನಾನು ಸುಮ್ಮನೆ ಕೂರುವುದು ಹೇಗೆ? ಬಕೆಟ್ಟಿಗೆ ನೀರು ತುಂಬಿ, ಒಂದು ಮುಚ್ಚಳ ಫಿನಾಯಿಲು ಹಾಕಿ, ಬಟ್ಟೆ ಅದ್ದಿ ಪ್ರತಿ ಡಬ್ಬವನ್ನೂ ಒಳಗೆ ಹೊರಗೆ ಒರೆಸಿದೆ. ಬೀದಿಯವರನ್ನೆಲ್ಲ ಕರೆದು ಒರೆಸುವ ಕ್ರಮ ತೋರಿಸಿಕೊಟ್ಟೆ. ಚಿಕ್ಕ ಡಬ್ಬಗಳನ್ನು ದೊಡ್ಡವುಗಳ ಒಳಗೆ ಕೂರಿಸಿ, ಖಾಲಿ ಕೊಡಬಾರದೆಂದು ಒಂದೊಂದರಲ್ಲೂ ಸಕ್ಕರೆಯ ಸಣ್ಣ ಪೊಟ್ಟಣ ಇಟ್ಟೆ. ನನ್ನನ್ನು ನೋಡಿ ಅವರೂ ಇಟ್ಟರು. ಕೆಲವರು ಬೆಲ್ಲ ಇಟ್ಟರು. ಸಂಜೆಗೆ ಹುಳುಮನೆ ತುಂಬಿತು. ಫಿನಾಯಿಲಿನ ವಾಸನೆಗೆ ನನ್ನ ಹಳೆಯ ವಾರ್ಡು ನೆನಪಾಗಿ ಕಣ್ಣು ತುಂಬಿಬಂತು.

ಬೆಳಿಗ್ಗೆ ಲಾರಿ ತಂದ ಚಲಪತಿ ಬಾಗಿಲಲ್ಲೇ ನಿಂತುಬಿಟ್ಟ. "ಏನಕ್ಕಾ, ಡಬ್ಬ ಕೊಡ್ತೀರೋ ಇರುವೆ ಕೊಡ್ತೀರೋ?" ರಾಶಿಯ ತುಂಬ ಇರುವೆಯ ಸಾಲು. ಅವನು ಒಂದು ರಟ್ಟನ್ನು ಹೆಬ್ಬೆರಳಿನಿಂದ ಒತ್ತಿದ, ಬೆರಳು ಒಳಗೆ ಇಳಿಯಿತು. "ತೇವ ಐತೆ. ಹಿಂಗೇ ತಗೊಂಡೋದ್ರೆ ಗೇಟಲ್ಲೇ ವಾಪಸ್ ಕಳಿಸ್ತಾರೆ."

ಜಯಮ್ಮ ನನ್ನ ಕಡೆ ತಿರುಗಿದಳು. "ಒರೆಸಿದ್ದು ಗೊತ್ತಾಯ್ತು. ಸಕ್ಕರೆ ಯಾಕ್ ಸಿಸ್ಟರಮ್ಮ?"

"ಖಾಲಿ ಕೊಡಬಾರದಲ್ಲ ಜಯಾ."

"ಅದು ಸಾರಿನ ಬಟ್ಲಿಗೆ ಕಣಮ್ಮಾ. ಸಕ್ಕರೆ ಕಂಡು ಕಾರ್ಖಾನೆಯೋರು ನಾಳೆ ನಿಮಗೆ ಹುಳಿ ಕಳಿಸ್ತಾರಾ?"

ಯಾರೂ ನಗಲಿಲ್ಲ. ಚಲಪತಿ ತಲೆ ಕೆರೆದುಕೊಂಡ. "ಅನುಗೊಂಡನಹಳ್ಳಿ ಲೋಡ್ ಇಳಿಸಿ ಸಂಜೆಗ್ ಬರ್ತೀನಿ. ಅಷ್ಟ್ರಲ್ಲಿ ಒಣಗಿದ್ರೆ ನಿಮ್ ಪುಣ್ಯ."

ಹೆಂಗಸರು ಡಬ್ಬಗಳನ್ನೆಲ್ಲ ಕೊಡವಿ, ಬಿಚ್ಚಿ, ರಾಗಿ ಬಡಿಯುವ ಕಣದ ತುಂಬ ಹಪ್ಪಳದ ಹಾಗೆ ಹರವಿದರು. ನನ್ನ ಕೈಗೆ ಒಂದು ಕೋಲು ಕೊಟ್ಟು, "ದನ ಬಂದ್ರೆ ಓಡ್ಸಿ. ಬೇರೆ ಏನೂ ಮುಟ್ಬೇಡಿ" ಎಂದು ಹೊಂಗೆ ಮರದ ಕೆಳಗೆ ಕೂರಿಸಿದರು. ಬಿಸಿಲಿಗೆ ರಟ್ಟುಗಳು ಒಂದೊಂದಾಗಿ ರೆಕ್ಕೆ ಎತ್ತುತ್ತಿದ್ದವು. ಇನ್ನು ಸ್ವಲ್ಪ ಹೊತ್ತಿಗೆ ಇಡೀ ಕಣವೇ ಎದ್ದು ಕೆರೆಯ ಮೇಲೆ ಹಾರಿಹೋಗುತ್ತದೆ ಅನ್ನಿಸಿತು. ಇರುವೆಗಳು ಸಕ್ಕರೆ ಹೊತ್ತು ಸಾಲು ತಪ್ಪದೆ ಹೊರಟಿದ್ದವು. ಆ ದಿನ ಊರಿನಲ್ಲಿ ನನ್ನ ಶಿಸ್ತನ್ನು ಮೆಚ್ಚಿದವು ಅವು ಮಾತ್ರ. ಆಗ ಮೋಡವೊಂದು ಬಂದು ಸೂರ್ಯನಿಗೆ ಅಡ್ಡ ನಿಂತಿತು. ಹೆಂಗಸರೆಲ್ಲ ಕೆಲಸ ಬಿಟ್ಟು ಮೇಲೆ ನೋಡಿದರು. ಜೀವಮಾನದಲ್ಲಿ ಮೊದಲ ಸಲ ನಾನು ಒಂದು ಮೋಡಕ್ಕೆ ಸಾಲು ಬಿಟ್ಟು ಹೋಗೆಂದು ಬೇಡಿಕೊಂಡೆ. ಯಜಮಾನರು ಅದೇ ಹೊತ್ತಿಗೆ ಬಂದು, "ಫ್ಯಾನ್ ಗುಜರಿಗೆ ಹಾಕಿ ಡಬ್ಬ ಇಟ್ಕೊಂಡಿದ್ದು ತಪ್ಪಾಯ್ತು ನೋಡು. ಇವತ್ತು ಬೇಕಾಗಿದ್ದು ಫ್ಯಾನು" ಎಂದರು. ಮೋಡ ಸರಿಯಿತು.

ಸಂಜೆ ಚಲಪತಿ ಬಂದು ಅಲ್ಲೊಂದು ಇಲ್ಲೊಂದು ರಟ್ಟು ಒತ್ತಿ ನೋಡಿದ. ಕಡೆಗೆ ನಮ್ಮ ಫ್ಯಾನಿನ ಡಬ್ಬವನ್ನು ಬೆರಳಿನಿಂದ ತಟ್ಟಿದ. ಅದು ಹದವಾಗಿ ಒಣಗಿದ ಹಪ್ಪಳದಂತೆ ಟಪ್ಪೆಂದಿತು. "ತುಂಬ್ರಮ್ಮಾ" ಎಂದ. ಕತ್ತಲಾಗುವ ಮೊದಲು ಲಾರಿ ಹೊರಟಿತು. ಈಗ ವಾರವಾರ ಬರುತ್ತದೆ.

ನಾನೂ ವಾರವಾರ ಡಬ್ಬ ಕೊಡುತ್ತೇನೆ. ಒರೆಸುವುದಿಲ್ಲ, ಒಳಗೆ ಏನೂ ಇಡುವುದಿಲ್ಲ. ಆದರೆ ಖಾಲಿ ಡಬ್ಬ ಕೊಟ್ಟು ಬಂದರೆ ಮನಸ್ಸಿಗೆ ಸಮಾಧಾನವಿಲ್ಲ. ಹಾಗಾಗಿ ಡಬ್ಬದ ಜೊತೆಗೆ ನಾನೇ ಹುಳುಮನೆಗೆ ಹೋಗಿ ಕೂತು, ರಟ್ಟನ್ನು ಯಾವ ಅಂಚಿನಿಂದ ಮಡಚಬೇಕು, ದಾರವನ್ನು ಹೇಗೆ ಬಿಗಿಯಬೇಕು, ಕೈ ಎಷ್ಟು ಸಲ ತೊಳೆಯಬೇಕು ಎಂದು ನಾಲ್ಕು ಒಳ್ಳೆಯ ಮಾತು ಹೇಳಿ ಬರುತ್ತೇನೆ. ಮೊನ್ನೆ ಹಾಗೆ ಹೇಳುತ್ತಿರುವಾಗ ಹೊತ್ತು ಇಳಿದದ್ದೇ ತಿಳಿಯಲಿಲ್ಲ. ಜಯಮ್ಮ ತಲೆ ಎತ್ತದೆ ರಟ್ಟು ವಿಂಗಡಿಸುತ್ತಲೇ ಹೇಳಿದಳು:

"ಸಕ್ಕರೆನೇ ವಾಸಿಯಾಗಿತ್ತು ಸಿಸ್ಟರಮ್ಮ. ಇರುವೆಗಳಾದ್ರೆ ಸಂಜೆಗೆ ಎದ್ದು ಹೋದ್ವು."